ಕತ್ತಲೆಗೆ ತಿಕ್ಕಿದ ವಿಭೂತಿ

ನನಗೆ ಕೊಳೆ ಕಂಡರೆ ಆಗದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನ್ನ ಜೊತೆ ಇರುವವರಿಗೆ ಇದೊಂದು ಕಾಟ. ಬಂದ ನೆಂಟರು ಲಿಫ್ಟ್ ಹತ್ತುವ ಮೊದಲೇ ಅವರು ಕೂತಿದ್ದ ಸೋಫಾ ಜಾಡಿಸಿ ಆಗಿರುತ್ತದೆ. "ನಿನ್ನ ಕೈಗೆ ಬಿಟ್ರ ಕುವೈತಿನ ಉಸುಕೂ ತೊಳದು ಒಣಗಾಕ ಹಾಕ್ತಿ" ಎಂದು ನನ್ನ ಗಂಡ ಚುಡಾಯಿಸುತ್ತಾರೆ. ಈ ಗುಣದಿಂದಾಗಿ ಒಮ್ಮೆ ನಾನು ಹತ್ತು ವರ್ಷಕ್ಕೂ ಮೀರಿದ ಸ್ನೇಹವನ್ನೇ ಒರೆಸಿ ಹಾಕುವುದರಲ್ಲಿದ್ದೆ. ಸದ್ಯ, ಉಳಿಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಒಂಬತ್ತು ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ.

ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು, ನರ್ಸ್, ಒಬ್ಬರೇ ಇರುತ್ತಾರೆ. ನಾವು ಬಾಗಲಕೋಟೆಯ ಕಡೆಯವರು. ಅವರ ಕನ್ನಡ ನಮಗೆ ಪಾಠಪುಸ್ತಕ ಓದಿದ ಹಾಗೆ ಕೇಳುತ್ತದೆ, ನಮ್ಮದು ಅವರಿಗೆ ಜಗಳ ಆಡಿದ ಹಾಗೆ. ಮಗಳಿಗೆ ಮೂರು ವರ್ಷವಿದ್ದಾಗ ನಾವು ಇಲ್ಲಿಗೆ ಬಂದೆವು. ಮೊದಲ ಬೇಸಿಗೆಯಲ್ಲೇ ಮಗುವಿಗೆ ಜ್ವರ ಏರಿ, ಗಂಡ ಸೈಟಿನಲ್ಲಿದ್ದು ಫೋನು ಹತ್ತದೆ, ನಾನು ಓಡಿ ತಟ್ಟಿದ್ದು ಅವರ ಬಾಗಿಲನ್ನು. ಅವರು ಡ್ಯೂಟಿ ಮುಗಿಸಿ ಬಂದು ಇನ್ನೂ ಬೂಟು ಸಹ ಬಿಚ್ಚಿರಲಿಲ್ಲ. ಹಾಗೇ ನಮ್ಮ ಮನೆಗೆ ಬಂದು, ಮಗುವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಸಂಜೆತನಕ ಕೂತರು. ಅಂದಿನಿಂದ ಅವರು ನನಗೆ ಅಕ್ಕ. ರಜೆಗೆ ಊರಿಗೆ ಹೋಗುವಾಗ ಮನೆಯ ಕೀಲಿಕೈ ನಮ್ಮಲ್ಲೇ ಕೊಟ್ಟು ಹೋಗುತ್ತಾರೆ.

ಅವರ ಹಾಲಿನಲ್ಲಿ ಒಂದು ಚಿತ್ರವಿದೆ. ಎರಡು ಮೊಳ ಎತ್ತರದ್ದು, ಬಟ್ಟೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದದ್ದು. ಬರೆದವರು ಅವರ ತಂದೆ. ಚರ್ಚುಗಳಿಗೆ ಚಿತ್ರ ಬರೆಯುವುದೇ ಅವರ ಕಸುಬಾಗಿತ್ತು. ಯಾರೋ ಪಾದ್ರಿಗಳು ಕೊಟ್ಟ ಅಂಗೈಯಗಲದ ಅಚ್ಚುಪ್ರತಿ ನೋಡಿ, ಹಳೆಯ ಯುರೋಪಿನ ಚಿತ್ರವೊಂದನ್ನು ಮನೆಗೆಂದು ನಕಲು ಮಾಡಿದ್ದರಂತೆ. ಚರ್ಚುಗಳಲ್ಲಿ ಬರೆದದ್ದೆಲ್ಲ ರಿಪೇರಿ, ಸುಣ್ಣಬಣ್ಣ ಅಂತ ಒಂದೊಂದಾಗಿ ಹೋಯಿತು. ತಂದೆಯೂ ಹೋದರು. ಉಳಿದದ್ದು ಇದೊಂದೇ. ಅಕ್ಕ ಅದರ ಕೆಳಗೆ ಸಣ್ಣ ಮರದ ಹಲಗೆ ಹೊಡೆಸಿ ದಿನಾ ಸಂಜೆ ಮೇಣದ ಬತ್ತಿ ಹಚ್ಚುತ್ತಾರೆ.

ಚಿತ್ರದಲ್ಲಿರುವುದು ಸಂತ ಪೇತ್ರ. ನಿಜ ಹೇಳಬೇಕೆಂದರೆ ನನಗೆ ಆ ಚಿತ್ರ ಕಂಡರೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯ ದೇವರ ಫೋಟೋಗಳಲ್ಲಿ ದೇವರು ನೆಟ್ಟಗೆ ನಮ್ಮನ್ನೇ ನೋಡುತ್ತಾನೆ. ಮೈತುಂಬ ಬೆಳಕು, ಕಿರೀಟ, ಹಾರ. ಮೂಗಿನ ಕೆಳಗೂ ನೆರಳು ಬೀಳುವುದಿಲ್ಲ. ಇಲ್ಲಿ ನೋಡಿದರೆ ಮುಕ್ಕಾಲು ಪಾಲು ಬರೀ ಕತ್ತಲೆ. ಎಡಗಡೆ ಮೇಲಿನಿಂದ, ಕಾಣದ ಯಾವುದೋ ಕಿಟಕಿಯಿಂದ ಬಂದ ಬೆಳಕು ಒಬ್ಬ ಮುದುಕನ ಬೋಳು ಹಣೆ, ಬಿಳಿ ಗಡ್ಡ, ಬಿಗಿದು ಹಿಡಿದ ಕೈಗಳ ಮೇಲೆ ಮಾತ್ರ ಬಿದ್ದಿದೆ. ಉಗುರಲ್ಲಿ ಮಣ್ಣು, ಅಂಗಿಯ ತೋಳು ಹರಿದಿದೆ. ತೊಡೆಯ ಮೇಲೆ ಎರಡು ದೊಡ್ಡ ಕೀಲಿಕೈ. ಕಣ್ಣುಗಳು ಕೆಂಪಾಗಿ, ನೀರು ತುಂಬಿ ಮೇಲಕ್ಕೆ ನೋಡುತ್ತಿವೆ. ಬಾಯಿ ಅರ್ಧ ತೆರೆದಿದೆ, ಏನೋ ಹೇಳಲು ಹೋಗಿ ಹೇಳಲಾರದವನಂತೆ. ಸಂತ ಎಂದ ಮೇಲೆ ಒಂದಿಷ್ಟು ಕಳೆ ಬೇಡವೇ? ಪೂಜೆ ಮಾಡುವ ಚಿತ್ರದಲ್ಲಿ ಯಾರಾದರೂ ಹೀಗೆ ಅಳುವ ಮುದುಕನನ್ನು ಕೂರಿಸುತ್ತಾರೆಯೇ? ಒಮ್ಮೆ ಕೇಳಿಯೂ ಕೇಳಿದೆ, "ಅಕ್ಕಾ, ಇವ್ರು ಯಾಕ ಅಳಾಕತ್ಯಾರ್ರಿ?" ಅಕ್ಕ ನಕ್ಕು, "ಅದು ದೊಡ್ಡ ಕಥೆ ಉಂಟು, ಒಂದು ದಿನ ಕೂತು ಹೇಳ್ತೇನೆ" ಎಂದರು. ಆ ದಿನ ಬಂದಿರಲಿಲ್ಲ.

ಒಂದು ವಸಂತದಲ್ಲಿ ಅಕ್ಕ ತಮ್ಮನ ಮಗನ ಮದುವೆಗೆ ಎರಡು ವಾರ ಊರಿಗೆ ಹೋದರು. ಅವರು ಹೋದ ಐದನೆಯ ದಿನ ತೋಜ್ ಎದ್ದಿತು. ಮರಳುಗಾಳಿಗೆ ಇಲ್ಲಿನವರು ಹೇಳುವ ಹೆಸರು ಅದು. ಮಧ್ಯಾಹ್ನವೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ ಎದುರಿನ ಕಟ್ಟಡ ಕಾಣದಾಯಿತು. ಮರುದಿನ ಶುಕ್ರವಾರ, ರಜೆ. ಬೆಳಿಗ್ಗೆ ನಮ್ಮ ಮನೆ ಒರೆಸಿ ಮುಗಿಸಿ ಅಕ್ಕನ ಮನೆ ನೋಡೋಣವೆಂದು ಬಾಗಿಲು ತೆಗೆದೆ. ಅಡುಗೆಮನೆಯ ಕಿಟಕಿ ಬೆರಳಗಲ ತೆರೆದಿತ್ತು. ಅಷ್ಟು ಸಂದಿಯಲ್ಲಿ ಮನೆತುಂಬ ಗೋಧಿಹಿಟ್ಟು ಜರಡಿ ಹಿಡಿದಂತೆ ಮಣ್ಣು ಬಿದ್ದಿತ್ತು. ನನಗೆ ಒಳಗೊಳಗೆ ಖುಷಿಯೇ ಆಯಿತು. ಸೀರೆ ಸೆರಗು ಸಿಕ್ಕಿಸಿ ಶುರುಮಾಡಿದೆ. ಎರಡು ತಾಸಿನಲ್ಲಿ ನೆಲ, ಕಪಾಟು, ಫ್ಯಾನು, ಟಿವಿ ಎಲ್ಲ ಫಳಫಳ. ಉಳಿದದ್ದು ಆ ಚಿತ್ರ.

ಒಣ ಬಟ್ಟೆಯಲ್ಲಿ ಧೂಳು ಹೊಡೆದೆ. ಧೂಳು ಹೋಯಿತು, ಕಪ್ಪು ಹಾಗೇ ಇತ್ತು. ಮೇಣದ ಬತ್ತಿಯ ನೇರಕ್ಕೆ, ಬಲಗಡೆ ಕೆಳಗಿನ ಮೂಲೆಯಂತೂ ಒಲೆಯ ಹಿಂದಿನ ಗೋಡೆಯ ಹಾಗಿತ್ತು. ಅಲ್ಲಿ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು. ಇದು ಕತ್ತಲೆ ಅಲ್ಲ, ಮಸಿ. ಇಷ್ಟು ವರ್ಷ ನಾನು ಸುಮ್ಮನೆ ಬರೆದವರನ್ನು ಬೈದುಕೊಂಡೆ. ಪಾಪ, ಅವರು ಚೆಂದವಾಗಿ ಬೆಳಕು ಬರೆದಿದ್ದಾರೆ, ಅಕ್ಕ ದಿನಾ ಬತ್ತಿ ಹಚ್ಚಿ ಹಚ್ಚಿ ಮುಚ್ಚಿಬಿಟ್ಟಿದ್ದಾರೆ!

ನಮ್ಮ ತವರಿನಲ್ಲಿ ದೀಪದ ಹೊಗೆಗೆ ದೇವರ ಫೋಟೋಗಳು ಹೀಗೇ ಕಪ್ಪಾಗುತ್ತಿದ್ದವು. ದೀಪಾವಳಿಗೆ ಮುಂಚೆ ಅಜ್ಜಿ ಎಲ್ಲವನ್ನೂ ಇಳಿಸಿ ಜಗಲಿಯ ಮೇಲೆ ಸಾಲಾಗಿ ಇಡಿಸುತ್ತಿದ್ದಳು. ದೇವರಿಗೆ ಸೋಪು ಮುಟ್ಟಿಸಬಾರದು, ಅದರಲ್ಲಿ ಏನೇನು ಕೊಬ್ಬು ಇರುತ್ತದೋ ಎಂಬುದು ಅವಳ ಕಟ್ಟಪ್ಪಣೆ. ವಿಭೂತಿ ಗಟ್ಟಿಯನ್ನು ಪುಡಿಮಾಡಿ, ಒದ್ದೆ ಬಟ್ಟೆಗೆ ಹಚ್ಚಿಕೊಂಡು ಗಾಜು ತಿಕ್ಕಬೇಕು. ಗಾಜು ಕನ್ನಡಿಯಾಗುತ್ತಿತ್ತು, ದೇವರಿಗೆ ಅಪಚಾರವೂ ಇಲ್ಲ. ಸಂತನಾದರೇನು, ದೇವರ ಮನುಷ್ಯನಲ್ಲವೇ? ನಾನು ನಮ್ಮ ಮನೆಗೆ ಹೋಗಿ ದೇವರ ಗೂಡಿನಿಂದ ವಿಭೂತಿ ತಂದೆ. ಸೋಪು ಹಾಕದಷ್ಟು ಮರ್ಯಾದೆ ತೋರಿಸುತ್ತಿದ್ದೇನೆ ಎಂಬ ಸಮಾಧಾನ ಬೇರೆ.

ನನ್ನ ಪದ್ಧತಿ ಏನೆಂದರೆ ಮೂಲೆಯಿಂದ ಶುರು, ಮುಖ ಕೊನೆಗೆ. ಈ ಪದ್ಧತಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಬಲಗಡೆ ಕೆಳಗಿನ ಮೂಲೆ ತಿಕ್ಕಿದೆ. ಬಟ್ಟೆಗೆ ಕಂದು ಕಪ್ಪು ಹತ್ತಿತು. ಹುರುಪು ಬಂತು, ಇನ್ನಷ್ಟು ತಿಕ್ಕಿದೆ. ಅಂಗೈಯಗಲ ಜಾಗ ಆಗಿರಬೇಕು, ಬೆರಳಿಗೆ ಏನೋ ತರಿತರಿ ತಗುಲಿತು. ನೂಲಿನ ನೇಯ್ಗೆ. ಎಣ್ಣೆ ಬಣ್ಣದ ಮೇಲಿನ ವಾರ್ನಿಶ್ ಮಿರುಗುತ್ತಿದ್ದುದನ್ನು ನಾನು ಗಾಜು ಅಂದುಕೊಂಡಿದ್ದೆ. ಗಾಜೇ ಇರಲಿಲ್ಲ. ನಾನು ತಿಕ್ಕುತ್ತಿದ್ದುದು ನೇರ ಚಿತ್ರವನ್ನೇ. ಬಟ್ಟೆ ಎತ್ತಿ ನೋಡಿದರೆ ಒದ್ದೆಯಾದ ಕಪ್ಪಿನ ನಡುವೆ ಒಂದು ಕೆಂಪು ಮಚ್ಚೆ. ಮೊದಲು ಅಲ್ಲಿ ಕೆಂಪು ಇರಲೇ ಇಲ್ಲ.

ಮಗಳನ್ನು ಕೂಗಿದೆ. ಅವಳು ಆಗ ಒಂಬತ್ತನೆಯ ಕ್ಲಾಸು, ಶಾಲೆಯಲ್ಲಿ ಪೇಂಟಿಂಗ್ ತೆಗೆದುಕೊಂಡಿದ್ದಳು. ಬಂದು ನೋಡಿ ಎರಡೂ ಕೈ ಬಾಯಿಗೆ ಹಿಡಿದಳು.

"ಮಮ್ಮಿ! ಇಟ್ಸ್ ಬರೋಕ್! ಇಟ್ಸ್ ಸಪೋಸ್ಡ್ ಟು ಬಿ ಡಾರ್ಕ್!"

"ಹಂಗಂದ್ರ ಏನ?" ಎಂದೆ. ನಾಲ್ಕುನೂರು ವರ್ಷದ ಹಿಂದೆ ಯುರೋಪಿನಲ್ಲಿ ಹೀಗೆ ಬರೆಯುತ್ತಿದ್ದರಂತೆ. ಸುತ್ತಲೂ ಬೇಕೆಂದೇ ಕತ್ತಲೆ, ಬೆಳಕು ಒಂದೇ ಕಡೆಯಿಂದ. ನೋಡುವವರ ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿ ಮಾತ್ರ ಬೆಳಕು. ಸಂತರನ್ನೂ ಬೀದಿಯಲ್ಲಿ ಸಿಗುವ ಸಾಮಾನ್ಯ ಮುದುಕರ ಹಾಗೆ, ಸುಕ್ಕು, ಮಣ್ಣು, ಕಣ್ಣೀರಿನ ಸಮೇತ ಬರೆಯುವುದು ಆ ಶೈಲಿಯಂತೆ. ಇಂಗ್ಲಿಷಿನಲ್ಲಿ ಅವಳು ಗಡಗಡ ಹೇಳುತ್ತಲೇ ಇದ್ದಳು, ನನಗೆ ಕಿವಿಗೆ ಹೋಗುತ್ತಿದ್ದುದು ಒಂದೇ. ಕತ್ತಲೆಯನ್ನು ಬೇಕೆಂದೇ ಬರೆದಿದ್ದಾರೆ, ಅದನ್ನು ನಾನು ಒರೆಸಿದ್ದೇನೆ. ಅಷ್ಟರಲ್ಲಿ ಒರೆಸಿದ ಜಾಗ ಒಣಗಿ, ನೇಯ್ಗೆಯಲ್ಲಿ ಸಿಕ್ಕಿದ ವಿಭೂತಿ ಬೆಳ್ಳಗೆ ಕಾಣಿಸಿಕೊಂಡಿತು. ಕೆಂಪು ಮಚ್ಚೆ ಅದರಡಿ ಮಸುಕಾಯಿತು. ಮತ್ತೆ ಮುಟ್ಟಲು ಧೈರ್ಯ ಸಾಲಲಿಲ್ಲ.

ಅವತ್ತು ಸಂಜೆಯೇ ಅಕ್ಕನ ಫೋನು ಬಂತು. ತೋಜ್ ಸುದ್ದಿ ಅವರ ಕಿವಿಗೆ ಬಿದ್ದಿತ್ತು. "ಮನೆ ಹೇಗುಂಟು ಮಾರಾಯ್ತಿ? ಎಲ್ಲ ಸರಿ ಉಂಟಲ್ಲ?"

ನನ್ನ ಬಾಯಿಂದ ಬಂದದ್ದು: "ಎಲ್ಲಾ ಛಲೋ ಐತ್ರಿ ಅಕ್ಕಾ. ಧೂಳ ಒರಸೀನಿ."

"ನೀನಿದ್ದ ಮೇಲೆ ನನಗೆಂತ ಚಿಂತೆ" ಎಂದು ಫೋನಿಟ್ಟರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಚಿತ್ರದ ಮುಂದೆ ನಿಂತು, ತಮ್ಮ ಕಂಪನಿಯ ಪಂಪು ನೋಡುವ ಹಾಗೆ ಆ ಕಡೆ ಈ ಕಡೆ ಬಗ್ಗಿ ನೋಡಿದರು. "ಮೂಲ್ಯಾಗ ಐತಿ, ಕತ್ತಲ ಬ್ಯಾರೆ. ಕೇಳಿದ್ರ ತೋಜ್ ಬಂದಿತ್ತು, ಧೂಳ ಕುಂತೇತಿ ಅನ್ನು. ಖಲಾಸ್." ನನಗೆ ಅವರ ಮೇಲೆ ರೇಗಿತು. ರೇಗಿದ್ದು ಏಕೆಂದರೆ ಅದೇ ಮಾತು ನನ್ನ ತಲೆಯಲ್ಲೂ ಆಗಲೇ ಬಂದು ಕೂತಿತ್ತು.

ನಾನು ಪೇಟೆಯ ಮಿರ್ಕಾಬ್ ಬಡಾವಣೆಯಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನಿನಲ್ಲಿ ಕೆಲಸ ಮಾಡುತ್ತೇನೆ. ಅದರ ಕೆಳಗೆ ಫೋಟೋ ಫ್ರೇಮಿನ ಅಂಗಡಿ ಇದೆ. ನಡೆಸುವವರು ಹೈದರಾಬಾದಿನ ಹಿರಿಯರು, ಎಲ್ಲರೂ ಚಾಚಾ ಎನ್ನುತ್ತಾರೆ. ಭಾನುವಾರ ಊಟದ ಬಿಡುವಿನಲ್ಲಿ ಹೋಗಿ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. ಒದ್ದೆಯಿದ್ದಾಗಲೇ ಮಗಳು ತೆಗೆದದ್ದು, ಕೆಂಪು ಕಾಣುತ್ತಿತ್ತು. ಚಾಚಾ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಅವರು ಉರ್ದುವಿನಲ್ಲಿ ಹೇಳಿದ್ದು ಇಷ್ಟು: ಈ ಬಗೆಯ ಚಿತ್ರ ಬರೆಯುವವರು ಬಿಳಿ ಬಟ್ಟೆಯ ಮೇಲೆ ಬರೆಯುವುದಿಲ್ಲ. ಮೊದಲು ಇಡೀ ಬಟ್ಟೆಗೆ ಕೆಂಗಂದು ಬಣ್ಣ ಬಳಿಯುತ್ತಾರೆ. ಅದರ ಮೇಲೆ ಕತ್ತಲೆಯನ್ನು ತೆಳ್ಳಗೆ ಪದರ ಪದರವಾಗಿ ಹಾಸುತ್ತಾರೆ. ಬೆಳಕನ್ನು ಎಲ್ಲಕ್ಕಿಂತ ಕೊನೆಗೆ, ದಪ್ಪವಾಗಿ ಇಡುತ್ತಾರೆ. "ಈ ಕೆಂಪು ಆ ಅಡಿಯ ಬಣ್ಣವಾಗಿದ್ದರೆ, ಬೇಟಿ, ಮೇಲಿನದು ಹೋಯಿತು ಅಂತಲೇ ಅರ್ಥ. ಫೋಟೋ ನೋಡಿ ಹೇಳಲಾರೆ. ಚಿತ್ರ ತಾ. ಆದರೆ ಅದರ ಒಡತಿಯನ್ನು ಕೇಳದೆ ನಾನು ಮುಟ್ಟುವುದಿಲ್ಲ."

ಒಡತಿಯನ್ನು ಕೇಳುವುದೇ ತಾನೇ ಆಗದ ಕೆಲಸ. ಅವತ್ತು ಮನೆಗೆ ಬಂದರೆ ಅಕ್ಕನ ವಾಯ್ಸ್ ಮೆಸೇಜ್. ಮದುವೆ ಮನೆಯ ಗದ್ದಲದ ನಡುವೆ ಕೂಗಿ ಹೇಳುತ್ತಿದ್ದರು. ತಮ್ಮನ ಮಗ ಅಜ್ಜ ಬರೆದ ಚಿತ್ರವನ್ನು ನೋಡಿಲ್ಲವಂತೆ, ಒಂದು ಒಳ್ಳೆಯ ಫೋಟೋ ತೆಗೆದು ಕಳಿಸು ಎಂದು. ನಾನು ಹೋಗಿ ಮುಖ ಮತ್ತು ಕೈಗಳು ಮಾತ್ರ ಬರುವಂತೆ ಫೋಟೋ ತೆಗೆದೆ. ಮೂಲೆ ಬರದ ಹಾಗೆ ಜಾಗ್ರತೆ ವಹಿಸಿದೆ. "ಪೂರ್ತಿ ಬರಲಿಲ್ಲವಾ?" ಎಂದು ಕೇಳಿದರು. "ಬೆಳಕ ಸಾಲಲಿಲ್ರಿ ಅಕ್ಕಾ" ಎಂದು ಬರೆದೆ.

ಆಮೇಲಿನ ದಿನಗಳಲ್ಲಿ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ದಿನಾ ಹೋಗಿ ಚಿತ್ರದ ಮುಂದೆ ನಿಲ್ಲುತ್ತಿದ್ದೆ. ಬೇರೆ ಕೆಲಸವಿಲ್ಲದೆ ನಿಂತಾಗ ಒಂದೊಂದೇ ಕಾಣತೊಡಗಿತು. ಕತ್ತಲೆ ಒಂದೇ ಕಪ್ಪಲ್ಲ; ಹೆಗಲ ಹಿಂದೆ ಹಸಿರು ಬೆರೆತ ಕಪ್ಪು, ತೊಡೆಯ ಬಳಿ ಬೆಲ್ಲದ ಬಣ್ಣದ ಕಪ್ಪು. ಹಣೆಯ ಮೇಲಿನ ಬೆಳಕು ಹತ್ತಿರ ಹೋದರೆ ಬರೀ ನಾಲ್ಕು ದಪ್ಪ ಬಿಳಿ ಗೀರು, ಎರಡು ಹೆಜ್ಜೆ ಹಿಂದೆ ಬಂದರೆ ಬೆವರಿದ ಚರ್ಮ. ಎಡಗಣ್ಣಿನ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇಟ್ಟು ಕಣ್ಣೀರು ಮಾಡಿದ್ದರು. ಸುತ್ತ ಅಷ್ಟು ಕತ್ತಲೆ ಇರುವುದಕ್ಕೇ ಆ ಚುಕ್ಕೆ ಕಾಣುತ್ತದೆ ಎಂಬುದು ನನಗೆ ತಿಳಿಯಲು ಒಂದು ವಾರ ಬೇಕಾಯಿತು. ನನ್ನ ಕೈಗೆ ಪೂರ್ತಿ ಸಿಕ್ಕಿದ್ದರೆ ಆ ಚುಕ್ಕೆಯೂ ಬಟ್ಟೆಯಲ್ಲಿ ಬರುತ್ತಿತ್ತು. ಈ ಮುದುಕನ ಮೇಲೆ ಈಗ ಸಿಟ್ಟು ಬರುತ್ತಿರಲಿಲ್ಲ. ಅವನ ಬಾಯಿ ನೋಡಿದರೆ ನನ್ನದೇ ಬಾಯಿ ನೋಡಿದ ಹಾಗಿತ್ತು.

ಅಕ್ಕ ಬಂದದ್ದು ಶನಿವಾರ ಬೆಳಿಗ್ಗೆ. ಕೋರಿ ರೊಟ್ಟಿಯ ಪ್ಯಾಕೆಟ್ಟು, ಹಲಸಿನ ಹಪ್ಪಳ, ಮಗಳಿಗೆ ಒಂದು ಚೂಡಿದಾರ ಹಿಡಿದು ನಮ್ಮ ಮನೆಗೇ ಮೊದಲು ಬಂದರು. ಚಹಾ ಕುಡಿದರು. ನಾನು ಕೀಲಿಕೈ ಮೇಜಿನ ಮೇಲಿಟ್ಟೆ. ಏಳುವಾಗ ಅವರು ರೂಢಿಯಂತೆ ಕೇಳಿದರು, "ಮನೆಯಲ್ಲಿ ಹೆಚ್ಚುಕಡಿಮೆ ಎಂತ ಆಗ್ಲಿಲ್ಲ ಅಲ್ವಾ?"

ಗಂಡ ನನ್ನನ್ನು ನೋಡಿದರು. 'ತೋಜ್' ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗಿದ್ದುದು ಬೂಟು ಬಿಚ್ಚದೆ ನನ್ನ ಮಗುವನ್ನು ಒರೆಸಿದ್ದ ಹೆಂಗಸು.

"ಆಗೇತ್ರಿ ಅಕ್ಕಾ" ಎಂದೆ. "ನಿಮ್ಮ ಅಪ್ಪಾರ ಚಿತ್ರ ನಾ ಕೆಡಿಸೀನಿ. ಮಸಿ ಅಂತ ತಿಳದು ವಿಭೂತಿ ಹಚ್ಚಿ ತಿಕ್ಕೀನಿ. ಫೋನಿನ್ಯಾಗ ಸುಳ್ಳ ಹೇಳಿದೆ. ಫೋಟೋನೂ ಮೂಲಿ ಬಿಟ್ಟು ತಗದು ಕಳಸಿದೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅಕ್ಕ ಕೀಲಿಕೈ ತೆಗೆದುಕೊಂಡು ಎದ್ದರು. ನಾನು ಹಿಂದೆ ಹೋದೆ. ಚಿತ್ರದ ಮುಂದೆ ಮಂಡಿಯೂರಿ ಕೂತು, ಆ ಬಿಳಿ ಮೂಲೆಯನ್ನು ಬಹಳ ಹೊತ್ತು ನೋಡಿದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆಮೇಲೆ, "ಕಪಾಟಲ್ಲಿ ಹತ್ತಿ ಉಂಟು, ಕೊಡು" ಎಂದರು. ಅದು ಗಾಯ ಡ್ರೆಸ್ ಮಾಡುವವರ ದನಿ. ಹತ್ತಿಯ ಸಣ್ಣ ಉಂಡೆ ಮಾಡಿ ಬಾಯಲ್ಲಿಟ್ಟು ಉಗುಳಿನಿಂದ ತೇವ ಮಾಡಿಕೊಂಡರು. "ನನ್ನ ಪಪ್ಪ ಚಿತ್ರ ಕ್ಲೀನ್ ಮಾಡ್ತಾ ಇದ್ದದ್ದು ಹೀಗೆ. ಉಗುಳು ಬಿಟ್ಟು ಬೇರೆ ಎಂತದ್ದೂ ಮುಟ್ಟಿಸ್ಲಿಕ್ಕಿಲ್ಲ ಅಂತ ಹೇಳ್ತಿದ್ರು." ತಿಕ್ಕಲಿಲ್ಲ, ಹತ್ತಿಯನ್ನು ಬೆರಳಲ್ಲಿ ಉರುಳಿಸುತ್ತಾ ಹೋದರು. ಹತ್ತಿಗೆ ಬೂದಿ ಹತ್ತಿತು. ಇನ್ನೊಂದು ಉಂಡೆ. ಮತ್ತೊಂದು. ಬಿಳಿ ಹೋಗಿ ಕೆಂಪು ಮೇಲೆ ಬಂತು.

"ಅಡಿಯ ಬಣ್ಣ ಅಂತ್ರಿ ಅದು. ಮ್ಯಾಲಿಂದೆಲ್ಲಾ ಹೋಗೇತಿ" ಎಂದು ನಾನು ಹಿಂದಿನಿಂದ ಬಿಕ್ಕುತ್ತಾ ಹೇಳಿದೆ.

"ಸುಮ್ಮನಿರು ಸ್ವಲ್ಪ."

ಅವರು ಫೋನಿನ ಟಾರ್ಚು ಓರೆಯಾಗಿ ಹಿಡಿದರು. ಕೆಂಪಿನ ಅಂಚು ಹಲ್ಲುಹಲ್ಲಾಗಿತ್ತು. ಅದರ ಕೆಳಗೆ ಮೆಣಸಿನಕಾಳಿನಷ್ಟು ಕಪ್ಪು, ಅದರಲ್ಲೊಂದು ಬಿಳಿ ಚುಕ್ಕೆ. ಕಣ್ಣು. ಕಣ್ಣಿನ ಮುಂದೆ ಹಳದಿ ಕೊಕ್ಕು.

ಹುಂಜ! ಕೆಂಪು ಅಡಿಯ ಬಣ್ಣವಲ್ಲ, ಅದರ ಜುಟ್ಟು. ಕತ್ತಲೆಯಿಂದ ಅರ್ಧ ತಲೆ ಹೊರಹಾಕಿ ಮುದುಕನನ್ನೇ ನೋಡುತ್ತಿತ್ತು.

ಅಕ್ಕ ನೆಲದ ಮೇಲೆ ಕೂತುಬಿಟ್ಟರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ, ಎರಡೂ ಇತ್ತು. "ಉಂಟು! ಹುಂಜ ಉಂಟು!" ಎಂದು ನನ್ನ ಕೈ ಹಿಡಿದು ಎಳೆದು ಕೂರಿಸಿದರು. ಅವರು ಸಣ್ಣವರಿದ್ದಾಗ ತಂದೆ ಹೇಳುತ್ತಿದ್ದರಂತೆ, ಮೂಲೆಯಲ್ಲಿ ಹುಂಜ ಇದೆ ಎಂದು. ಆಗಲೇ ಊರಿನ ಮನೆಯ ಮೇಣದ ಬತ್ತಿಗಳಿಗೆ ಆ ಮೂಲೆ ಕಪ್ಪಾಗಿತ್ತು, ಮಕ್ಕಳಿಗೆ ಕಾಣುತ್ತಿರಲಿಲ್ಲ. ಪಪ್ಪ ಬರೆಯಲು ಮರೆತು ಸುಳ್ಳು ಹೇಳುತ್ತಿದ್ದಾರೆ ಎಂದು ತಮ್ಮ, ಪಪ್ಪ ಸುಳ್ಳು ಹೇಳುವವರಲ್ಲ ಎಂದು ಅಕ್ಕ. ಈ ಜಗಳ ಐವತ್ತು ವರ್ಷದಿಂದ ನಡೆದಿತ್ತು. ಮೊನ್ನೆ ಮದುವೆ ಮನೆಯಲ್ಲೂ ನಡೆದಿತ್ತಂತೆ. ಅಲ್ಲೇ ಕೂತು ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಹುಂಜವನ್ನು ತೋರಿಸಿದರು. ಕೊಂಕಣಿಯಲ್ಲಿ ಏನು ಹೇಳಿದರೋ, ಆ ಕಡೆ ತಮ್ಮ ಮನೆಯವರನ್ನೆಲ್ಲ ಕೂಗಿ ಕರೆದರು.

ನಾನು ತಿಕ್ಕಿದ್ದರಿಂದ ವಾರ್ನಿಶ್ಶಿನ ಮೇಲೆ ಸಣ್ಣ ಗೀರುಗಳು ಬಿದ್ದಿದ್ದವು. ಅವು ಈಗಲೂ ಇವೆ. ಮಿಕ್ಕದ್ದನ್ನೂ ಚಾಚಾನ ಹತ್ತಿರ ಕ್ಲೀನ್ ಮಾಡಿಸೋಣವೇ ಎಂದು ಕೇಳಿದೆ. "ಬೇಡ, ಸಾಕು ನಿನ್ನ ಸೇವೆ" ಎಂದರು. ಮೇಣದ ಬತ್ತಿಯ ಹಲಗೆಯನ್ನು ಮಾತ್ರ ಅವತ್ತೇ ಕಿತ್ತು ಪಕ್ಕದ ಗೋಡೆಗೆ ಹೊಡೆಸಿದರು.

ಆಮೇಲೆ, ಹತ್ತು ವರ್ಷದಿಂದ ಬಾಕಿ ಇದ್ದ ಕಥೆ ಹೇಳಿದರು. ಗುರುವನ್ನು ಸೈನಿಕರು ಹಿಡಿದುಕೊಂಡು ಹೋದಾಗ, ನೀನೂ ಅವನ ಜೊತೆಯವನಲ್ಲವೇ ಎಂದು ಜನ ಈ ಪೇತ್ರನನ್ನು ಕೇಳಿದರಂತೆ. ಹೆದರಿ, ಅವನು ಯಾರೋ ನನಗೆ ಗೊತ್ತೇ ಇಲ್ಲ ಎಂದುಬಿಟ್ಟನಂತೆ. ಒಂದಲ್ಲ, ಮೂರು ಸಲ. ಮೂರನೆಯದು ಹೇಳಿ ಮುಗಿಸುವಷ್ಟರಲ್ಲಿ, ಗುರು ಮೊದಲೇ ಹೇಳಿದ್ದ ಹಾಗೆಯೇ, ಹುಂಜ ಕೂಗಿತು. ಆಗ ಹೊರಗೆ ಹೋಗಿ ಅತ್ತದ್ದು, ಈ ಚಿತ್ರ.

ನಾನು ಮನಸ್ಸಿನಲ್ಲೇ ಎಣಿಸಿದೆ. ಫೋನಿನಲ್ಲಿ ಒಂದು. ಫೋಟೋ ಕಳಿಸುವಾಗ ಎರಡು.

"ನಾನೂ ಎರಡ ಸಲ ಹೇಳೀನ್ರಿ ಅಕ್ಕಾ" ಎಂದೆ.

"ಗೊತ್ತುಂಟು. ಕತ್ತಲೆಯ ಚಿತ್ರದ ಫೋಟೋಕ್ಕೆ ಬೆಳಕು ಸಾಲ್ಲಿಲ್ಲ ಅಂತ ಬರ್ದಾಗಲೇ ನನಗೆ ಎಂತದೋ ಉಂಟು ಅಂತ ಅನ್ನಿಸಿತ್ತು" ಎಂದು ಅಕ್ಕ ಏಳುತ್ತಾ ಹೇಳಿದರು. "ಮೂರನೇ ಸಲ ಹೇಳ್ಲಿಲ್ಲ ಅಲ್ವಾ, ಬಿಡು."

ಒಂಬತ್ತು ದಿನದ ಹಸಿವೆಲ್ಲ ಒಟ್ಟಿಗೆ ಬಂತು. ಅವತ್ತು ಮಧ್ಯಾಹ್ನ ಅಕ್ಕನ ಮನೆಯಲ್ಲೇ ಕೋರಿ ರೊಟ್ಟಿಗೆ ನಾನು ಮಾಡಿದ್ದ ಬದನೆಕಾಯಿ ಎಣಗಾಯಿ ಹಾಕಿಕೊಂಡು ಎಲ್ಲರೂ ಉಂಡೆವು. ಗಂಡ ಹುಂಜದ ಹತ್ತಿರ ಹೋಗಿ ಹೋಗಿ ನೋಡಿ ಬರುತ್ತಿದ್ದರು. ಏಳುವಾಗ ಅಕ್ಕ ಬೆಳಿಗ್ಗೆ ನಾನು ಹಿಂದಿರುಗಿಸಿದ್ದ ಕೀಲಿಕೈಯನ್ನು ಮತ್ತೆ ನನ್ನ ಕೈಗೆ ಹಾಕಿದರು. ನಾನು ಬೇಡವೆಂದು ಕೈ ಹಿಂದೆಳೆದುಕೊಂಡೆ.

"ಇಟ್ಕೋ ಮಾರಾಯ್ತಿ. ಕೀ ನಿನ್ನ ಹತ್ತಿರ ಇರ್ಲಿ, ವಿಭೂತಿ ಮಾತ್ರ ಈ ಬಾಗಿಲು ದಾಟೂದು ಬೇಡ" ಎಂದರು.